ನಿಲುವು ಮೊದಲು, ಹೊಡೆತ ಆಮೇಲೆ

ಸೂರ್ಯನ ಹೆಸರಿನಲ್ಲಿ, ಚಂದ್ರನ ಹೆಸರಿನಲ್ಲಿ, ಯಾವನೋ ಋಷಿಯ ಹೆಸರಿನಲ್ಲಿ ಗುರುತಿಸಿಕೊಂಡ ರಾಜವಂಶಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ. ಒಂದು ಹೊಡೆತದ ಹೆಸರಿನಲ್ಲಿ ಗುರುತಿಸಿಕೊಂಡ ವಂಶ ಮಾತ್ರ ಅಪರೂಪ. ಹೊಯ್ಸಳರು ಅಂಥವರು. ಹಳಗನ್ನಡದಲ್ಲಿ 'ಪೊಯ್' ಎಂದರೆ ಹೊಡೆ. ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರೇ ಅಂದಿನ ಸೊಸೆವೂರು. ಅಲ್ಲಿ ವಾಸಂತಿಕಾ ದೇವಿಯ ಗುಡಿಯ ಬಳಿ ಮೇಲೆರಗಿ ಬಂದ ಹುಲಿಯನ್ನು ಕಂಡ ಜೈನಮುನಿ ಸುದತ್ತ, ಹತ್ತಿರವಿದ್ದ ಸಳನೆಂಬ ತರುಣನಿಗೆ 'ಪೊಯ್ ಸಳ' ಎಂದನಂತೆ, ಸಳ ಹೊಯ್ದನಂತೆ, ಆ ಕೂಗೇ ವಂಶದ ಹೆಸರಾಯಿತಂತೆ.

ಇತಿಹಾಸಕಾರರು ಈ ಕಥೆಯನ್ನು ಇದ್ದಂತೆಯೇ ಒಪ್ಪುವುದಿಲ್ಲ. ಕಥೆ ಕಾಣಿಸಿಕೊಳ್ಳುವುದು 12ನೇ ಶತಮಾನದಲ್ಲಿ, ವಿಷ್ಣುವರ್ಧನನ ಕಾಲದ ಬೇಲೂರಿನ ಶಾಸನದಲ್ಲಿ. ಪೊಯ್ಸಳ ಎಂಬ ಹೆಸರಾದರೋ ಅದಕ್ಕಿಂತ ಹಿಂದಿನ ಶಾಸನಗಳಲ್ಲೇ ಇದೆ. ಹೆಸರು ಮೊದಲು ಇತ್ತು, ಅದನ್ನು ವಿವರಿಸಲು ಕಥೆ ಆಮೇಲೆ ಹುಟ್ಟಿತು ಎಂದು ತಿಳಿಯುವುದೇ ಸರಿ. ಆದರೆ ಕಥೆ ನಿಜವೋ ಸುಳ್ಳೋ, ಅದನ್ನು ಕಲ್ಲಿನಲ್ಲಿ ಕಡೆದ ಶಿಲ್ಪಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಹೊಡೆಯುವವನು ಹೇಗೆ ನಿಲ್ಲಬೇಕು ಎಂಬುದು.

ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲುಗಳ ಪಕ್ಕದಲ್ಲಿರುವ ಸಳನ ಶಿಲ್ಪವನ್ನು ನೋಡಿದವರು ಸಾಮಾನ್ಯವಾಗಿ ಗಮನಿಸುವುದು ಹುಲಿಯ ಬಾಯನ್ನು ಮತ್ತು ಸಳನ ಕೈಯ ಆಯುಧವನ್ನು. ಶಿಲ್ಪಿ ಅದನ್ನು ಹುಲಿಯೆಂದು ಕಡೆದನೋ ಸಿಂಹವೆಂದು ಕಡೆದನೋ ಎಂಬ ಚರ್ಚೆ ಬೇರೆ. ನಾವು ಕೆಳಗೆ, ಕಾಲುಗಳನ್ನು ನೋಡೋಣ. ಒಂದು ಮಂಡಿ ಬಾಗಿ ಮುಂದಕ್ಕೆ ನುಗ್ಗಿದೆ. ಇನ್ನೊಂದು ಕಾಲು ಹಿಂದಕ್ಕೆ ಚಾಚಿದೆ. ತನಗಿಂತ ದೊಡ್ಡ ಮೃಗದ ಭಾರ ಮೇಲೆ ಬೀಳುತ್ತಿದ್ದರೂ ಸಳ ಹಿಂದಕ್ಕೆ ಮಗುಚುವಂತಿಲ್ಲ. ಚಾಚಿದ ಕಾಲು ನೆಲಕ್ಕೆ ಊರಿದ ಆಸರೆಗೋಲಿನಂತೆ ಆ ಭಾರವನ್ನು ತಡೆದಿದೆ. ಹೊಡೆತದ ಬಲ ಕೈಯಲ್ಲಿಲ್ಲ, ಅದು ಹಿಂಗಾಲಿನ ಹಿಮ್ಮಡಿಯಿಂದ ಹೊರಟು ಸೊಂಟವನ್ನು ಹಾದು ತೋಳಿಗೆ ಬರುತ್ತದೆ ಎಂಬ ಪಾಠ ಇಂದಿಗೂ ಯಾವುದೇ ಯುದ್ಧಕಲೆಯ ಮೊದಲ ದಿನದ ಪಾಠ.

ಗೇಣಿನಲ್ಲಿ ಅಳೆದ ನಿಲುವು

ಈ ನಿಲುವಿಗೆ ಶಾಸ್ತ್ರದಲ್ಲಿ ಹೆಸರಿದೆ: ಆಲೀಢ. ಕಾಲು ಬದಲಾಯಿಸಿ ನಿಂತರೆ ಅದು ಪ್ರತ್ಯಾಲೀಢ. ಅಗ್ನಿಪುರಾಣದಲ್ಲಿ ಧನುರ್ವೇದವನ್ನು ಕುರಿತ ಅಧ್ಯಾಯಗಳಿವೆ. ಅವು ಬಿಲ್ಲು ಹಿಡಿಯುವುದನ್ನು ಹೇಳಿಕೊಡುವ ಮೊದಲು ನಿಲ್ಲುವುದನ್ನು ಹೇಳಿಕೊಡುತ್ತವೆ. ಪಾದಗಳೆರಡನ್ನೂ ಜೋಡಿಸಿ ನೇರವಾಗಿ ನಿಂತರೆ ಸಮಪಾದ. ಪಾದಗಳ ನಡುವೆ ಮೂರು ಗೇಣು ಅಂತರವಿಟ್ಟು, ಮಂಡಿಗಳನ್ನು ಬಿಗಿಹಿಡಿದು ನಿಂತರೆ ವೈಶಾಖ. ಅಂತರವನ್ನು ನಾಲ್ಕು ಗೇಣಿಗೆ ಹೆಚ್ಚಿಸಿ ಮಂಡಿಗಳನ್ನು ಹೊರಕ್ಕೆ ಬಾಗಿಸಿದರೆ ಮಂಡಲ. ಐದು ಗೇಣು ಅಂತರದಲ್ಲಿ ಒಂದು ಕಾಲನ್ನು ಬಿಗಿಯಾಗಿ ಚಾಚಿ, ಇನ್ನೊಂದನ್ನು ಬಾಗಿಸಿ, ಒಟ್ಟು ದೇಹ ನೇಗಿಲಿನ ಆಕಾರಕ್ಕೆ ಬರುವಂತೆ ನಿಂತರೆ ಆಲೀಢ. ಒಂದು ಗೇಣೆಂದರೆ ಹನ್ನೆರಡು ಅಂಗುಲ, ಅಂದರೆ ಸುಮಾರು ಒಂಬತ್ತು ಇಂಚು. ಐದು ಗೇಣೆಂದರೆ ಮೂರೂಮುಕ್ಕಾಲು ಅಡಿಯಾಯಿತು.

ಇದರ ಹಿಂದಿನ ತರ್ಕವನ್ನು ಓದುಗರು ತಮ್ಮ ಮನೆಯ ಪಡಸಾಲೆಯಲ್ಲೇ ಪರೀಕ್ಷಿಸಬಹುದು. ಪಾದ ಜೋಡಿಸಿ ನಿಂತವನನ್ನು ಒಂದು ಬೆರಳಿನಿಂದ ನೂಕಿದರೂ ಅಲುಗುತ್ತಾನೆ. ಕಾಲು ಅಗಲಿಸಿ ಮಂಡಿ ಬಾಗಿಸಿದವನ ಭಾರದ ಕೇಂದ್ರ ನೆಲಕ್ಕೆ ಹತ್ತಿರವಾಗುತ್ತದೆ; ಅವನನ್ನು ಅಲುಗಿಸುವುದು ಕಷ್ಟ. ಆದರೆ ಅಗಲ ಹೆಚ್ಚಿದಷ್ಟೂ ಚಲನೆ ನಿಧಾನವಾಗುತ್ತದೆ. ಹೀಗಾಗಿ ಒಂದೇ ನಿಲುವು ಎಲ್ಲಕ್ಕೂ ಸಾಲದು. ಎದುರಾಳಿಯ ಸುತ್ತ ಸುಳಿಯುವಾಗ ಒಂದು, ತಡೆಯುವಾಗ ಒಂದು, ಹೊಡೆಯುವಾಗ ಇನ್ನೊಂದು. ಮೂರು, ನಾಲ್ಕು, ಐದು ಗೇಣುಗಳ ಲೆಕ್ಕ ಇದೇ ಅನುಭವದ ಸಾರ.

ಇನ್ನೊಂದು ಸ್ವಾರಸ್ಯವೆಂದರೆ ಈ ಹೆಸರುಗಳು ಯೋಧರ ಸೊತ್ತು ಮಾತ್ರವಲ್ಲ. ಭರತನ ನಾಟ್ಯಶಾಸ್ತ್ರ ಪುರುಷಪಾತ್ರಗಳಿಗೆ ಹೇಳುವ ಆರು ಸ್ಥಾನಗಳಲ್ಲಿ ಸಮಪಾದ, ವೈಶಾಖ, ಮಂಡಲ, ಆಲೀಢ, ಪ್ರತ್ಯಾಲೀಢಗಳು ಸೇರಿವೆ, ಆರನೆಯದು ವೈಷ್ಣವ. ರಂಗದ ಮೇಲೆ ಆಯುಧ ಪ್ರಯೋಗಿಸುವ ಕ್ರಮಗಳನ್ನೂ ಆ ಗ್ರಂಥ 'ನ್ಯಾಯ'ಗಳೆಂದು ವಿಂಗಡಿಸಿ ಹೇಳುತ್ತದೆ. ಕುಣಿಯುವವನೂ ಕಾದುವವನೂ ಒಂದೇ ವರ್ಣಮಾಲೆಯಿಂದ ಪಾಠ ಆರಂಭಿಸುತ್ತಿದ್ದರು. ಇಬ್ಬರನ್ನೂ ಕಡೆಯಬೇಕಾಗಿದ್ದ ಶಿಲ್ಪಿಯೂ ಅದೇ ವರ್ಣಮಾಲೆಯನ್ನು ಕಲಿತಿದ್ದ. ಬೇಲೂರಿನ ಗರ್ಭಗುಡಿಯ ಕೇಶವ ಸಮಪಾದದಲ್ಲಿ ನಿಶ್ಚಲ. ಹಳೇಬೀಡಿನ ಹೊಯ್ಸಳೇಶ್ವರನ ಹೊರಗೋಡೆಯ ಮಹಾಭಾರತದ ಪಟ್ಟಿಕೆಗಳಿಗೆ ಬಂದರೆ ಬಿಲ್ಲುಗಾರರು ಮಂಡಿ ಬಾಗಿಸಿ ಕಾಲು ಚಾಚಿದ್ದಾರೆ. ಅಂಗೈಯಗಲದ ಪಟ್ಟಿಕೆಯಲ್ಲಿ ಯಾರು ದೇವರು, ಯಾರು ದಾಳಿಕಾರ ಎಂಬುದನ್ನು ಮುಖಕ್ಕಿಂತ ಮೊದಲು ಕಾಲು ಹೇಳುತ್ತದೆ.

ಬಿರುದಾಗಿ ನಿಂತ ಮಲ್ಲ

ಹೊಡೆತವೆಂದರೆ ಹೊಯ್ಸಳರ ನಾಡಿನಲ್ಲಿ ಅಲಂಕಾರದ ಮಾತಾಗಿರಲಿಲ್ಲ. ಹಾಸನ ಜಿಲ್ಲೆಯ ಯಾವ ದಿಕ್ಕಿಗೆ ಹೋದರೂ ಊರಮುಂದೆ, ಕೆರೆ ಏರಿಯ ಮೇಲೆ ವೀರಗಲ್ಲುಗಳು ಸಿಗುತ್ತವೆ. ಅರಸೀಕೆರೆಗೆ ಹೋಗುವವರು ಅಲ್ಲಿಯ ಈಶ್ವರ ದೇವಾಲಯದ ನಕ್ಷತ್ರಾಕಾರದ ಮುಖಮಂಟಪವನ್ನು ನೋಡಲು ಹೋಗುತ್ತಾರೆ. ಅದು ಕ್ರಿ.ಶ. 1220ರ ಸುಮಾರಿನದು. ದೇವಾಲಯ ಅರಸರ ಮತ್ತು ಅಧಿಕಾರಿಗಳ ಕಲೆಯಾದರೆ ವೀರಗಲ್ಲು ಹಳ್ಳಿಯ ಕಲೆ. ಅದರ ಕೆಳಗಿನ ಅಂಕಣದಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ನೋಟ, ಮೇಲೆ ದೇವರ ಸನ್ನಿಧಿ. ತುರು ಬಿಡಿಸಲು ಹೋಗಿ ಸತ್ತವನು ಅಲ್ಲಿ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ ಹಿಡಿದು ನಿಂತಿರುತ್ತಾನೆ. ಹೊಡೆತ ಮತ್ತು ತಡೆ ಎರಡೂ ಒಂದೇ ದೇಹದಲ್ಲಿ, ಒಂದೇ ಕ್ಷಣದಲ್ಲಿ. ಗುರಾಣಿಯ ಕೈ ಮುಂದೆ, ಕತ್ತಿಯ ಕೈ ಹಿಂದೆ ಇದ್ದರೆ ಕಾಲೂ ಅದಕ್ಕೆ ತಕ್ಕಂತೆ ಹಿಂದು ಮುಂದಾಗುತ್ತದೆ. ಕೆತ್ತನೆ ಒರಟಾಗಿದ್ದರೂ ಈ ಹೊಂದಾಣಿಕೆ ಕಣ್ಣಿಗೆ ಬೀಳುತ್ತದೆ.

ಆಯುಧವಿಲ್ಲದ ಕಾಳಗಕ್ಕೆ ಮಲ್ಲಯುದ್ಧ ಎಂದು ಹೆಸರು. ಆ 'ಮಲ್ಲ' ಎಂಬ ಮಾತು ಕನ್ನಡನಾಡಿನ ಅರಸರಿಗೆ ಎಷ್ಟು ಪ್ರಿಯವಾಗಿತ್ತು ಎಂಬುದನ್ನು ಬಿರುದುಗಳೇ ಹೇಳುತ್ತವೆ. ಕಲ್ಯಾಣದ ಚಾಲುಕ್ಯರಲ್ಲಿ ಒಂದನೆಯ ಸೋಮೇಶ್ವರ ಆಹವಮಲ್ಲ, ಅವನ ಮಗ ಆರನೆಯ ವಿಕ್ರಮಾದಿತ್ಯ ತ್ರಿಭುವನಮಲ್ಲ. ಬೆಟ್ಟದ ಕೋಟೆಗಳನ್ನು ಗೆದ್ದ ಹೊಯ್ಸಳ ಎರಡನೆಯ ಬಲ್ಲಾಳ ಗಿರಿದುರ್ಗಮಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ನಿರ್ಮಾಣದೊಂದಿಗೆ ಶಾಸನ ಜೋಡಿಸುವ ಅಧಿಕಾರಿಯ ಹೆಸರು ಕೇತಮಲ್ಲ. ಕಣಕ್ಕಿಳಿದು ಮಣ್ಣು ಮೆತ್ತಿಸಿಕೊಳ್ಳುವವನ ಹೆಸರು ಸಿಂಹಾಸನದ ಮೇಲೆ ಕೂತವನಿಗೆ ಭೂಷಣವಾಗಿತ್ತು.

ಆ ಮಲ್ಲರು ಏನು ಕಲಿಯುತ್ತಿದ್ದರು? ಇದಕ್ಕೆ ಉತ್ತರ ಕೊಡುವ ಗ್ರಂಥವೊಂದು ಅದೃಷ್ಟವಶಾತ್ ಅದೇ ಕಾಲದಲ್ಲಿ, ನಮ್ಮ ನಾಡಿನಲ್ಲೇ ಹುಟ್ಟಿದೆ. ಬೇಲೂರಿನ ದೇವಾಲಯದ ಪ್ರತಿಷ್ಠೆ 1117ರಲ್ಲಿ ಆಯಿತು. ಅದಾದ ಹನ್ನೆರಡು ಹದಿಮೂರು ವರ್ಷಗಳಲ್ಲಿ ಕಲ್ಯಾಣದಲ್ಲಿ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಸಂಸ್ಕೃತದಲ್ಲಿ ರಚಿತವಾಯಿತು. ಅರಸನ ಬದುಕಿಗೆ ಸಂಬಂಧಿಸಿದ ನೂರು ವಿಷಯಗಳನ್ನು ಒಳಗೊಂಡ ಈ ವಿಶ್ವಕೋಶದಲ್ಲಿ 'ಮಲ್ಲವಿನೋದ' ಎಂಬ ಭಾಗವಿದೆ. ಅದು ಮಲ್ಲರನ್ನು ವಯಸ್ಸು, ಗಾತ್ರ, ಬಲಗಳ ಆಧಾರದ ಮೇಲೆ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸುತ್ತದೆ. ಇಂದಿನ ಕುಸ್ತಿಯಲ್ಲಿ ತೂಕದ ವರ್ಗಗಳನ್ನು ಕಂಡವರಿಗೆ ಇದರ ಉದ್ದೇಶ ಹೊಸದೇನಲ್ಲ. ಅವರ ಆಹಾರದ ಹೊಣೆ ಅರಸನದು: ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಸಿಹಿತಿಂಡಿ.

ಆಮೇಲೆ ಬರುವುದು ಸಾಧನೆಯ ಕ್ರಮ. ಭಾರ ಎತ್ತುವುದು ಭಾರಶ್ರಮ. ನಡೆಯುವುದು ಭ್ರಮಣಶ್ರಮ. ಈಜುವುದು ಸಲಿಲಶ್ರಮ. ತೋಳಿಗೆ ತೋಳು ಕೊಟ್ಟು ಬಲ ಬೆಳೆಸುವುದು ಬಾಹುಪೇಲ್ಲಣಕಶ್ರಮ. ಕಂಬವನ್ನು ಹತ್ತಿ ಹಿಡಿದು ಮಾಡುವುದು ಸ್ತಂಭಶ್ರಮ; ಇಂದು ಕ್ರೀಡೆಯಾಗಿ ಬೆಳೆದಿರುವ ಮಲ್ಲಕಂಬಕ್ಕೆ ಸಿಗುವ ಹಳೆಯ ಉಲ್ಲೇಖಗಳಲ್ಲಿ ಇದೊಂದು. ಉಸಿರು, ಕಾಲು, ತೋಳು, ಹಿಡಿತ ಹೀಗೆ ಒಂದೊಂದಕ್ಕೂ ಒಂದೊಂದು ಶ್ರಮವಿದೆ.

ಆದರೆ ಓದುಗನಿಗೆ ನಿರಾಸೆಯಾಗುವುದು ಇನ್ನು ಮುಂದೆ. ಸೋಮೇಶ್ವರ ಪಟ್ಟುಗಳ ಹೆಸರುಗಳನ್ನು ಕೊಡುತ್ತಾನೆ, ಅವನ್ನು ಹಾಕುವ ಬಗೆಯನ್ನು ವಿವರಿಸುವುದಿಲ್ಲ. ಅವನ ಕಾಲದಲ್ಲಿ ಅದರ ಅಗತ್ಯವಿರಲಿಲ್ಲ. ಹೆಸರು ಹೇಳಿದರೆ ಮಾಡಿ ತೋರಿಸುವ ಮಲ್ಲರು ಅರಮನೆಯ ಅಂಗಳದಲ್ಲೇ ಇದ್ದರು. ಇಂದು ಆ ಮಲ್ಲರಿಲ್ಲ, ಹೆಸರುಗಳು ಮಾತ್ರ ಉಳಿದಿವೆ. ಗ್ರಂಥದಲ್ಲಿ ಹೆಸರಿದೆ, ಚಲನೆಯಿಲ್ಲ. ಬೇಲೂರು ಹಳೇಬೀಡುಗಳ ಕಲ್ಲಿನಲ್ಲಿ ಚಲನೆಯ ಒಂದು ಕ್ಷಣವಿದೆ, ಅದರ ಹಿಂದಿನದೂ ಮುಂದಿನದೂ ಇಲ್ಲ. ಮಧ್ಯದ ಈ ಖಾಲಿಯನ್ನು ತುಂಬಬಲ್ಲದ್ದು ಒಂದೇ: ಒಂದು ದೇಹದಿಂದ ಇನ್ನೊಂದು ದೇಹಕ್ಕೆ ದಾಟಿಬಂದ ವಿದ್ಯೆ.

ಪಟ್ಟು, ಮರುಪಟ್ಟು

ಹೊಯ್ಸಳ ವಂಶ 14ನೇ ಶತಮಾನದ ಮಧ್ಯಕ್ಕೆ ಮುಗಿಯಿತು, ವಿದ್ಯೆ ಮುಗಿಯಲಿಲ್ಲ. ಅದು ವಿಜಯನಗರಕ್ಕೆ ಸಾಗಿದುದಕ್ಕೆ ಕ್ರಿ.ಶ. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಸಾಕ್ಷಿ. ಕೃಷ್ಣದೇವರಾಯ ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಬೆವರಿನೊಂದಿಗೆ ಎಣ್ಣೆಯೆಲ್ಲ ಇಳಿದ ಮೇಲೆ ತನ್ನ ಮಲ್ಲರಲ್ಲೊಬ್ಬನೊಂದಿಗೆ ಸೆಣಸುತ್ತಿದ್ದನೆಂದು ಅವನು ಬರೆದಿದ್ದಾನೆ. ಮಹಾನವಮಿಯ ಮಲ್ಲರ ಕಾಳಗ ಹಲ್ಲು ಉದುರಿ ಮುಖ ಕೆಡುವಷ್ಟು ಭೀಕರವಾಗಿತ್ತೆಂದೂ ಹೇಳುತ್ತಾನೆ. ಅಂದರೆ ಅದು ಹಿಡಿತದ ಕುಸ್ತಿ ಮಾತ್ರವಲ್ಲ, ಮುಷ್ಟಿಯ ಹೊಡೆತವೂ ಅದರಲ್ಲಿತ್ತು.

ಮುಷ್ಟಿಯ ಆ ಪರಂಪರೆ ಮೈಸೂರಿನ ಜಟ್ಟಿಗಳಲ್ಲಿ ಉಳಿಯಿತು. ಜಟ್ಟಿ ಎಂಬ ಹೆಸರನ್ನು ವಿದ್ವಾಂಸರು ಜ್ಯೇಷ್ಠಿಮಲ್ಲ ಎಂಬುದರೊಂದಿಗೆ ಜೋಡಿಸುತ್ತಾರೆ. ಸೋಮೇಶ್ವರನ ಜ್ಯೇಷ್ಠಿಕ ಇಲ್ಲಿ ನೆನಪಾಗದೆ ಇರದು. 18ನೇ ಶತಮಾನದ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷರವನು ಜಟ್ಟಿಗಳ ಕಾಳಗವನ್ನು ವರ್ಣಿಸಿದ್ದಾನೆ. ಬೋಳಿಸಿದ ತಲೆ, ಎಣ್ಣೆ ಹಚ್ಚಿದ ಮೈ, ಬಲಗೈಯ ಬೆರಳ ಗೆಣ್ಣುಗಳ ಮೇಲೆ ನಾಲ್ಕು ಉಕ್ಕಿನ ಮೊನೆಗಳು. ಕೊರಳಿನ ಹೂವನ್ನು ಎದುರಾಳಿಯ ಮುಖಕ್ಕೆ ಎಸೆಯುವುದರೊಂದಿಗೆ ಕಾಳಗ ಆರಂಭ. ಸ್ಕರಿ ಗಮನಿಸಿದ ಒಂದು ಸೂಕ್ಷ್ಮ ಮುಖ್ಯವಾದುದು: ಯಾರು ಮೇಲೆ, ಯಾರು ಕೆಳಗೆ ಎಂಬುದು ಅವರಿಗೆ ಲೆಕ್ಕವಿರಲಿಲ್ಲ, ಹಿಡಿತವೇ ಎಲ್ಲ. ತಡೆಯಲಾಗದ ಹಿಡಿತ ಸಿಕ್ಕಿದವನು ಗೆದ್ದ. ಮಾನವದೇಹದ ಕೀಲುಗಳನ್ನು ಅವರು ಅಷ್ಟು ಚೆನ್ನಾಗಿ ಬಲ್ಲವರು. ಕೀಲು ತಪ್ಪಿಸಲು ಬಲ್ಲವನಿಗೆ ಅದನ್ನು ಕೂರಿಸಲೂ ಗೊತ್ತಿರಬೇಕಲ್ಲವೆ? ಜಟ್ಟಿಗಳು ಮೂಳೆ ಕೂರಿಸುವುದರಲ್ಲೂ ಹೆಸರಾದರು.

ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ನಡೆದುಕೊಂಡು ಬಂದಿರುವ ವಜ್ರಮುಷ್ಟಿ ಕಾಳಗ ಇದರದೇ ಮುಂದುವರಿಕೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ಜೋಡಿಯಾಗಿ ಇಳಿಯುತ್ತಾರೆ. ತಲೆಯಿಂದ ಮೊದಲ ರಕ್ತದ ಹನಿ ಕಂಡ ಕೂಡಲೇ ಕಾಳಗ ಮುಗಿಯಿತು. ಕೆಲವು ಕ್ಷಣಗಳ ಆಟ; ನೋಡಬಂದವರು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುವುದೂ ಉಂಟು. ಬಲಗೈ ಹೊಡೆಯಲು, ಎಡಗೈ ಎದುರಾಳಿಯ ಬಲಗೈಯನ್ನು ತಡೆದು ಹಿಡಿಯಲು. ಸಳನ ಕಾಲು, ವೀರಗಲ್ಲಿನ ಗುರಾಣಿ, ಎರಡೂ ಇಲ್ಲಿ ಜೀವಂತ.

ಆದರೆ ಈ ಜಟ್ಟಿಯೂ ಸೋಮೇಶ್ವರನ ಮಲ್ಲನೂ ಅರಮನೆಯ ಅನ್ನ ಉಂಡವರು. ಅವರ ಬಲ ಅರಸನ ಸೊತ್ತು. ಸಾಮಾನ್ಯರ ಹುಡುಗರಿಗೆ ಈ ವಿದ್ಯೆ ಸಿಕ್ಕಿದ್ದು ಓಣಿಯ ಗರಡಿಮನೆಯಲ್ಲಿ. ತಗ್ಗು ಬಾಗಿಲು, ಒಳಗೆ ಹನುಮಂತನ ಪಟ, ಅರಿಸಿನ ಎಣ್ಣೆ ಬೆರೆಸಿ ಹದಮಾಡಿದ ಕೆಮ್ಮಣ್ಣಿನ ಕಣ. ಹೊಸ ಹುಡುಗನಿಗೆ ಉಸ್ತಾದ ಮೊದಲು ಪಟ್ಟು ಕಲಿಸುವುದಿಲ್ಲ. ಮಣ್ಣು ಅಗೆದು ಹದಗೊಳಿಸುವುದು ಮೊದಲ ಕೆಲಸ. ಆಮೇಲೆ ದಂಡ, ಬಸ್ಕಿ. ಆಮೇಲೆ ಗದೆ ತಿರುವುವುದು. ತಿಂಗಳುಗಟ್ಟಲೆ ಇದಾದ ಮೇಲೆ ಜೋಡಿಯ ಮುಂದೆ ನಿಲ್ಲುವುದು. ನಿಲ್ಲುವುದೆಂದರೆ ಮಂಡಿ ಬಾಗಿಸಿ, ಸೊಂಟ ಇಳಿಸಿ, ಒಂದು ಕಾಲು ಮುಂದಿಟ್ಟು, ಎದುರಾಳಿಯ ಕಣ್ಣನ್ನಲ್ಲ, ಸೊಂಟವನ್ನು ನೋಡುತ್ತ. ಕಣ್ಣು ಮೋಸ ಮಾಡಬಹುದು, ಸೊಂಟ ಮಾಡುವುದಿಲ್ಲ. ನಾಡಕುಸ್ತಿಯಲ್ಲಿ ಹೊಡೆತಕ್ಕೆ ಅವಕಾಶವಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸುವುದೇ ಗೆಲುವು. ಆದ್ದರಿಂದ ಪ್ರತಿ ಪಟ್ಟಿನೊಂದಿಗೆ ಅದರಿಂದ ಬಿಡಿಸಿಕೊಳ್ಳುವ ಮರುಪಟ್ಟನ್ನೂ ಕಲಿಸಬೇಕು. ತಡೆಯಲು ಬಾರದವನಿಗೆ ಹಾಕಲು ಕಲಿಸಿದರೆ ಅದು ಅರ್ಧ ವಿದ್ಯೆ.

ಈ ಗರಡಿ ನಮ್ಮ ಮಾತಿನೊಳಗೆ ಎಷ್ಟು ಇಳಿದಿದೆ ಎಂದರೆ, ಒಮ್ಮೆಯೂ ಮಣ್ಣಿಗಿಳಿಯದವರೂ ದಿನವೂ ಅದನ್ನು ಬಳಸುತ್ತಾರೆ. ರಾಜಕಾರಣಿ ಪಟ್ಟು ಹಿಡಿಯುತ್ತಾನೆ, ವಕೀಲ ಹೊಸ ವರಸೆ ತೆಗೆಯುತ್ತಾನೆ, ಚುನಾವಣೆಗೆ ನಿಂತವನು ತೊಡೆ ತಟ್ಟುತ್ತಾನೆ, ಸೋತವನು ಮಣ್ಣು ಮುಕ್ಕುತ್ತಾನೆ, ಸಂಗೀತಗಾರ ಕೂಡ ಇಂಥವರ ಗರಡಿಯಲ್ಲಿ ಪಳಗಿದವನು ಎನಿಸಿಕೊಳ್ಳುತ್ತಾನೆ.

ಎತ್ತಿದವನು ಎಸೆಯಲಿಲ್ಲ

ಈ ವಿದ್ಯೆಯ ಕೊನೆಯ ಪಾಠ ಯಾವುದು? ಅದಕ್ಕೆ ಉತ್ತರ ಹಾಸನ ಜಿಲ್ಲೆಯಲ್ಲೇ, ಶ್ರವಣಬೆಳಗೊಳದ ಬೆಟ್ಟದ ಮೇಲೆ ಇದೆ. ಭರತ ಬಾಹುಬಲಿಯರ ಕಥೆಯನ್ನು ಪಂಪ 'ಆದಿಪುರಾಣ'ದಲ್ಲಿ 10ನೇ ಶತಮಾನದಲ್ಲೇ ಕನ್ನಡಕ್ಕೆ ತಂದ. ಸೈನ್ಯಗಳು ಸಾಯುವುದು ಬೇಡವೆಂದು ಅಣ್ಣತಮ್ಮಂದಿರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿದರು. ಮೂರರಲ್ಲೂ ತಮ್ಮನೇ ಗೆದ್ದ. ಕೊನೆಯದರಲ್ಲಿ ಬಾಹುಬಲಿ ಅಣ್ಣನನ್ನು ಮೇಲೆತ್ತಿದ, ಎಸೆದಿದ್ದರೆ ಚಕ್ರವರ್ತಿಯಾಗುತ್ತಿದ್ದ. ಎಸೆಯದೆ ಕೆಳಗಿಳಿಸಿದ, ರಾಜ್ಯ ತೊರೆದು ತಪಸ್ಸಿಗೆ ನಿಂತ. ಹತ್ತನೇ ಶತಮಾನದ ಕೊನೆಯ ಭಾಗದಲ್ಲಿ ಚಾವುಂಡರಾಯ ನಿಲ್ಲಿಸಿದ ಗೊಮ್ಮಟನ ನಿಲುವು ಆಲೀಢವಲ್ಲ, ಕೈಗಳನ್ನು ಇಳಿಬಿಟ್ಟ ನೇರ ನಿಲುವು. ಐದು ಗೇಣು ಕಾಲಗಲಿಸಲು ಬಲ್ಲ ಮಲ್ಲ ಅದರ ಅಗತ್ಯವಿಲ್ಲವೆಂದು ಪಾದ ಹತ್ತಿರ ತಂದು ನಿಂತ ನಿಲುವು ಅದು. ಹೊಡೆಯಲು ಬಾರದವನು ಹೊಡೆಯದೆ ಇರುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಬಲ್ಲವನು ಕೈ ತಡೆದಾಗ ಮಾತ್ರ ಅದು ಸಂಯಮ.

ಇಂದು ನಮ್ಮ ಊರುಗಳ ಮಕ್ಕಳು ಶಾಲೆ ಬಿಟ್ಟ ಮೇಲೆ ಕರಾಟೆ ತರಗತಿಗೆ ಹೋಗುತ್ತಾರೆ. ಮುಂಗಾಲು ಬಾಗಿಸಿ ಹಿಂಗಾಲು ಚಾಚುವ ಜೆಂಕುತ್ಸು ದಾಚಿ ಎಂಬ ನಿಲುವನ್ನೂ, ಕುದುರೆ ಏರಿದವನಂತೆ ಮಂಡಿ ಅಗಲಿಸುವ ಕಿಬಾ ದಾಚಿಯನ್ನೂ ಮೊದಲ ವಾರ ಕಲಿಯುತ್ತಾರೆ. ಆಲೀಢವನ್ನೂ ಮಂಡಲವನ್ನೂ ನೋಡಿದವರಿಗೆ ಇವು ಪರಿಚಿತ ಮುಖಗಳು. ಇದರಿಂದ ಜಪಾನಿನ ವಿದ್ಯೆ ನಮ್ಮಿಂದ ಹೋಯಿತೆಂದು ಎದೆಯುಬ್ಬಿಸುವುದು ಸಲ್ಲದು. ಅಂಥ ಕಥೆಗಳಿಗೆ ಪುರಾವೆ ಸಾಲದು. ಮನುಷ್ಯನಿಗೆ ಎಲ್ಲೆಡೆಯೂ ಎರಡೇ ಕಾಲು, ಭೂಮಿಯ ಸೆಳೆತ ಎಲ್ಲೆಡೆಯೂ ಒಂದೇ. ಬೇರೆ ಬೇರೆ ನಾಡಿನವರು ಬೇರೆ ಬೇರೆಯಾಗಿಯೇ ಒಂದೇ ಉತ್ತರಕ್ಕೆ ಬರಬಹುದು. ಕರಾಟೆಯಿಂದ ನಾವು ಕಲಿಯಬೇಕಾದದ್ದು ಬೇರೆ. ಅವರು ಪ್ರತಿ ನಿಲುವಿಗೆ ಹೆಸರಿಟ್ಟರು, ಹೆಸರಿನೊಂದಿಗೆ ಅಳತೆಯನ್ನೂ ಚಲನೆಯನ್ನೂ ಕ್ರಮವಾಗಿ ದಾಖಲಿಸಿದರು, ಎಲ್ಲ ಊರಿನಲ್ಲೂ ಒಂದೇ ರೀತಿ ಕಲಿಸಿದರು. ನಮ್ಮಲ್ಲಿ ಹೆಸರು ಗ್ರಂಥದಲ್ಲಿ, ಅಳತೆ ಪುರಾಣದಲ್ಲಿ, ಆಕಾರ ಕಲ್ಲಿನಲ್ಲಿ, ಚಲನೆ ಉಸ್ತಾದರ ಮೈಯಲ್ಲಿ ಚದುರಿಹೋಗಿದೆ.

ಇವುಗಳಲ್ಲಿ ಕಲ್ಲಿಗೆ ಈಗ ರಕ್ಷಣೆಯಿದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಗ್ರಂಥಗಳು ಅಚ್ಚಾಗಿವೆ. ರಕ್ಷಣೆಯಿಲ್ಲದಿರುವುದು ಮೂರನೆಯದಕ್ಕೆ. ಗರಡಿಮನೆಯ ಬಾಗಿಲು ಮುಚ್ಚಿದರೆ, ಪಟ್ಟುಗಳ ಹೆಸರು ಬಲ್ಲ ಹಿರಿಯ ಉಸ್ತಾದ ತೀರಿಕೊಂಡರೆ ಅದನ್ನು ಮತ್ತೆ ಅಗೆದು ತೆಗೆಯುವ ಪುರಾತತ್ತ್ವ ಇಲಾಖೆ ಇಲ್ಲ. ಸೋಮೇಶ್ವರನ ಅರಮನೆಯ ಮಲ್ಲರೊಂದಿಗೆ ಒಮ್ಮೆ ಆದದ್ದು ನಮ್ಮ ಕಣ್ಣೆದುರು ಎರಡನೆಯ ಸಲ ಆಗಬೇಕೆ? ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಇರುವ ಗರಡಿಗಳಲ್ಲಿ ಹಿರಿಯರು ಪಟ್ಟು ಹಾಕುವುದನ್ನೂ ಬಿಡಿಸುವುದನ್ನೂ ಹೆಸರು ಸಹಿತ ಚಿತ್ರೀಕರಿಸಿಟ್ಟುಕೊಳ್ಳಲು ಒಂದು ಮೊಬೈಲ್ ಫೋನು ಮತ್ತು ಕೆಲವು ಸಂಜೆಗಳು ಸಾಕು. ಊರಿನ ಕಾಲೇಜು ವಿದ್ಯಾರ್ಥಿಗಳೇ ಇದನ್ನು ಮಾಡಬಹುದು.

ಬೇಲೂರಿಗೆ ಹೋದಾಗ ಮದನಿಕೆಯರನ್ನು ನೋಡಲು ಎಲ್ಲರೂ ಕತ್ತೆತ್ತುತ್ತಾರೆ, ನೋಡಲೇಬೇಕಾದವರು ಅವರು. ಜೊತೆಗಿರುವ ಮಕ್ಕಳಿಗೆ ಸಳನ ಪಾದಗಳನ್ನೂ ತೋರಿಸಿ, ಅವುಗಳ ನಡುವಿನ ಅಂತರ ಎಷ್ಟು ಗೇಣಿರಬಹುದು ಎಂದು ಕೇಳಬೇಕು. ಅದೇ ನಿಲುವಿನಲ್ಲಿ ಒಮ್ಮೆ ನಿಂತು ನೋಡಲು ಹೇಳಬೇಕು. ತೊಡೆ ನಡುಗತೊಡಗಿದಾಗ, ಕಲ್ಲಿನಲ್ಲಿ ಸುಲಭವಾಗಿ ಕಾಣುವ ಆ ನಿಲುವಿನ ಹಿಂದೆ ಎಷ್ಟು ವರ್ಷಗಳ ಸಾಮು ಇದೆ ಎಂಬುದು ಯಾರೂ ಹೇಳದೆಯೇ ಅವರಿಗೆ ತಿಳಿಯುತ್ತದೆ.